ಹಳೇ ಮರದಿಂದ ಮೊಳೆ ಕೀಳೋದು ಹೆಂಗೆ, ಮರ ಸೀಳ್ದೆ

ಮಾರ್ಚ್ ಮುಗೀತಾ ಬಂತು ಅಂದ್ರೆ ನಮ್ಮ ಶಿರಸಿ ಕಡೆ ಹಂಚಿನ ಮನೆ ಇರೋರಿಗೆಲ್ಲ ಒಂದೇ ಕೆಲಸ, ಮಳೆ ಹಿಡಿಯೋದ್ರೊಳಗೆ ಹಂಚು ಕೈಯಾಡಿಸೋದು, ಅಂದ್ರೆ ಇಳಿಸಿ, ಒಡೆದಿದ್ದು ಬದಲಾಯಿಸಿ ಮತ್ತೆ ಹೊದಿಸೋದು. ನಾವೂ ಹಂಗೇ ಎರಡು ದಿನದ ಕೆಲಸ ಅಂತ ಶುರು ಮಾಡಿದ್ವಿ, ಹಂಚು ಇಳಿಸಿ ನೋಡಿದ್ರೆ ಹಂಚು ಕೂರೋ ಅಡ್ಡಪಟ್ಟಿ, ಅದೇ ರೀಪು, ಅರ್ಧಕ್ಕರ್ಧ ಒರಲೆ ತಿಂದಿದೆ, ಅಟ್ಟದ ಮುಚ್ಚಿಗೆ ಹಲಗೆ ಎರಡು ಕಡೆ ಜೋತು ಬಿದ್ದಿದೆ, ಹಿತ್ತಿಲ ಬಾಗಿಲು ದಾರಂದದ ಸಮೇತ ಅಲ್ಲಾಡ್ತಿದೆ, ಕೊನೆಗೆ ಅದು ಒಂದೂವರೆ ತಿಂಗಳು ನಡೀತು. ಆ ಒಂದೂವರೆ ತಿಂಗಳಲ್ಲಿ ನಾನು ಕಲಿತಿದ್ದು ಒಂದೇ ವಿದ್ಯೆ, ಮೊಳೆ ಕೀಳೋದು. ಕೇಳೋಕೆ ತಮಾಷೆ ಅನ್ಸತ್ತೆ, ಆದ್ರೆ ಮೊದಲ ದಿನ ನಾನು ಕಿತ್ತ ನಾಕು ಹಲಗೇಲಿ ಮೂರು ಸೀಳಿಹೋಗಿದ್ವು.

ಹಳೇ ಮರ ಒಲೆಗೆ ಹಾಕಿ ಹೊಸದು ತಗೊಳ್ಳಿ ಅಂತ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ. ಕೇಳ್ಬೇಡಿ. ನಮ್ಮನೆ ಪಕಾಸು (ರೀಪಿನ ಕೆಳಗಿನ ಇಳಿಜಾರು ಮರ) ಮತ್ತಿ, ಮುಚ್ಚಿಗೆ ಹಲಸು, ಬಾಗಿಲು ಸಾಗವಾನಿ, ಇವತ್ತು ದಾಂಡೇಲಿ ಡಿಪೋದಲ್ಲಿ ಹರಾಜಿಗೆ ಬರೋ ಸಾಗವಾನಿ ರೇಟು ಕೇಳಿದ್ರೆ ಹಳೇ ಬಾಗಿಲಿಗೆ ಕೈಮುಗಿದು ಬರ್ತೀರಿ. ಆದ್ರೆ ಹಳೇ ಮರ ಮತ್ತೆ ಬಳಸ್ಬೇಕು ಅಂದ್ರೆ ಅದ್ರಲ್ಲಿ ಒಂದು ಮೊಳೆನೂ ಇರ್ಬಾರ್ದು. ಸಾಮಿಲ್ಲಿಗೆ ತಗೊಂಡು ಹೋದ್ರೆ ಹಳೇ ಮರ ಅಂದಕೂಡ್ಲೇ ಮುಖ ಸಿಂಡರಿಸ್ತಾರೆ, ಅವರದ್ದೇನೂ ತಪ್ಪಿಲ್ಲ, ಒಳಗೆ ಮುರಿದು ಕೂತ ಒಂದಿಂಚು ಮೊಳೆ ಬ್ಯಾಂಡ್‌ಸಾ ಬ್ಲೇಡಿನ ಹಲ್ಲೆಲ್ಲ ಉದುರಿಸಿಬಿಡತ್ತೆ, ಮರ ನಯ ಮಾಡೋ ಕೀಸುಳಿಗೂ ಅದೇ ಗತಿ.

ಸಾಮಾನು ಜಾಸ್ತಿ ಏನೂ ಬೇಡ. ಅರ್ಧ ಕೆಜಿ ಹತ್ರದ ತೂಕದ ಕೊಂಬಿನ ಸುತ್ತಿಗೆ, ಅದೇ ಹಿಂದ್ಗಡೆ ಸೀಳು ಇರೋದು, ಅಂಗಡೀಲಿ ಕ್ಲಾ ಹ್ಯಾಮರ್ ಅಂದ್ರೆ ಕೊಡ್ತಾರೆ. ಇನ್ನೊಂದು ಮಾಮೂಲಿ ಸುತ್ತಿಗೆ. ಆಚಾರಿಗಳ ಇಕ್ಕಳ, ಗುಂಡು ಬಾಯಿಂದು, ಪಿನ್ಸರ್ ಅಂತಾರಲ್ಲ ಅದು. ಒಂದಡಿ ಉದ್ದದ ಚಪ್ಪಟೆ ಮೊಳೆ ಕೀಳೋ ಬಾರು. ಒಂದು ಹಳೇ ಉಳಿ, ಹೊಸ ಉಳಿ ದಯವಿಟ್ಟು ಬೇಡ, ಮೊಳೆಗೆ ತಾಗಿ ಅದರ ಬಾಯಿ ಗರಗಸ ಆಗತ್ತೆ. ಒಂದು ಪಂಚು, ಅಂದ್ರೆ ಮೊಳೆ ಮೇಲಿಟ್ಟು ಹೊಡೆದು ತಳ್ಳೋ ಕಬ್ಬಿಣದ ಕಡ್ಡಿ, ಒಂದಷ್ಟು ಹ್ಯಾಕ್ಸಾ ಬ್ಲೇಡು, ಹಾಳಾದ ಸ್ಪೀಕರಿಂದ ಬಿಚ್ಚಿದ ಅಯಸ್ಕಾಂತ. ಇವೆಲ್ಲದಕ್ಕಿಂತ ಮುಖ್ಯ, ಕಾಲಿಂಚು ಅರ್ಧಿಂಚು ಒಂದಿಂಚು ಹಿಂಗೆ ಬೇರೆ ಬೇರೆ ದಪ್ಪದ ನಾಕೈದು ಮರದ ತುಂಡು. ಯಾಕೆ ಅಂತ ಹೇಳ್ತೀನಿ.

ನಮ್ಮಲ್ಲಿ ಕೆಲಸಕ್ಕೆ ಬಂದಿದ್ದು ಕುಮಟಾ ಕಡೆಯ ವಯಸ್ಸಾದ ಆಚಾರಿ ಒಬ್ರು, ನಾನು ಬಾರು ಸಿಕ್ಕಿಸಿ ಹಲ್ಲು ಕಚ್ಚಿ ಎಳೀತಿದ್ದನ್ನ ಸುಮಾರು ಹೊತ್ತು ನೋಡಿ, ಬಾಯಲ್ಲಿದ್ದ ಕವಳ ಉಗಿದು ಬಂದು, "ತಮಾ, ಮೊದ್ಲು ಒಳಗೆ ಹೊಡಿ" ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಕೀಳೋ ಮೊಳೆನ ಯಾಕೆ ಹೊಡೀಬೇಕು? ಅವರೇ ಸುತ್ತಿಗೆ ಇಸ್ಕೊಂಡು ಮೊಳೆ ತಲೆ ಮೇಲೆ ಒಂದೇ ಒಂದು ಗಟ್ಟಿ ಏಟು ಕೊಟ್ರು, ಕಿರ್ ಅಂತ ಸಣ್ಣ ಸದ್ದು ಬಂತು, ಆಮೇಲೆ ಎಳೆದ್ರೆ ಬಂತು. ಇಡೀ ವಿದ್ಯೆ ಇದೇ. ಹಳೇ ಮೊಳೆ ಹೊಸ ಮೊಳೆ ಥರ ಬರೀ ಬಿಗಿಯಾಗಿ ಕೂತಿರೋದಲ್ಲ, ತುಕ್ಕು ಹಿಡಿದಾಗ ಕಬ್ಬಿಣ ಊದ್ಕೊಳ್ಳತ್ತೆ, ಆ ತುಕ್ಕು ಮರದ ನಾರಿನೊಳಗೆ ಹೋಗಿ ಅಂಟಿನ ಥರ ಹಿಡ್ಕೊಂಡಿರತ್ತೆ. ಹಂಗೇ ಮೇಲಕ್ಕೆ ಎಳೆದ್ರೆ ಒಂದೋ ತಲೆ ಹಾರತ್ತೆ ಇಲ್ಲಾಂದ್ರೆ ಮರದ ಚಕ್ಕೆ ಎದ್ದು ಬರತ್ತೆ. ಒಳಗೆ ಒಂದು ಕೂದಲೆಳೆಯಷ್ಟು ಸರಿಸಿದ್ರೆ ಸಾಕು, ಆ ಹಿಡಿತ ಬಿಟ್ಟುಹೋಗತ್ತೆ. ಆದ್ರೆ ತಲೆ ಮರದೊಳಗೆ ಹೂತು ಹೋಗೋಷ್ಟು ಹೊಡೀಬೇಡಿ ಮತ್ತೆ, ಒಂದೇಟು, ಹೆಚ್ಚೆಂದ್ರೆ ಎರಡು.

ಆಮೇಲೆ ತಲೆ ಎಬ್ಬಿಸೋದು. ಎರಡು ಹಲಗೆ ಒಂದರ ಮೇಲೊಂದು ಇದ್ರೆ ಸುಲಭ, ಮಧ್ಯ ಬಾರು ತೂರಿಸಿ ಮೇಲಿನ ಹಲಗೆ ಅರ್ಧ ಇಂಚು ಎತ್ತಿ, ಆಮೇಲೆ ಮೊಳೆ ಪಕ್ಕದಲ್ಲಿ ಮರದ ತುಂಡಿಟ್ಟು ಹಲಗೆನ ವಾಪಸ್ ಕೆಳಗೆ ಹೊಡೀರಿ, ಹಲಗೆ ಕೆಳಗೆ ಹೋಗತ್ತೆ, ಮೊಳೆ ತಲೆ ಮೇಲೆ ನಿಂತಿರತ್ತೆ. ಹಂಗೆ ಆಗ್ದಿದ್ರೆ ಹಳೇ ಉಳಿ ತಗೊಂಡು ತಲೆಯ ಎರಡು ಕಡೆ, ನಾರು ಓಡೋ ದಿಕ್ಕಿಗೇ, ಸಣ್ಣ ಹಳ್ಳ ತೆಗೀರಿ. ನಾರಿಗೆ ಅಡ್ಡ ತೆಗೆದ್ರೆ ಗಾಯ ದೊಡ್ಡದಾಗತ್ತೆ, ಮುಚ್ಚಿದ್ಮೇಲೂ ಕಾಣತ್ತೆ.

ಈಗ ಮರದ ತುಂಡಿನ ವಿಷಯ. ಸುತ್ತಿಗೆ ಕೊಂಬಿಗೆ ಮೊಳೆ ಸಿಕ್ಕಿಸಿ ಹಿಡಿ ಬಗ್ಗಿಸಿದಾಗ ಸುತ್ತಿಗೆ ತಲೆ ಮರದ ಮೇಲೆ ಊರತ್ತೆ. ಹಿಡಿ ಒಂದಡಿ, ಊರಿದ ಜಾಗದಿಂದ ಮೊಳೆಗೆ ಒಂದೂವರೆ ಇಂಚು ಅಂತ ಇಟ್ಕೊಳ್ಳಿ, ಎಂಟು ಪಟ್ಟು ಆಯ್ತು, ನೀವು ಹತ್ತು ಕೆಜಿ ಬಲ ಹಾಕಿದ್ರೆ ಮೊಳೆಗೆ ಎಂಬತ್ತು ಕೆಜಿ ಬೀಳತ್ತೆ, ಹಲಗೆ ಮೇಲೆ ಅದಕ್ಕಿಂತ ಜಾಸ್ತಿನೇ ಒತ್ತಡ ಬೀಳತ್ತೆ. ಹಲಸಿನ ಮರ ಆದ್ರೆ ಸುತ್ತಿಗೆ ಅಚ್ಚು ಹಾಗೇ ಮೂಡತ್ತೆ. ಅದಕ್ಕೆ ಕೆಳಗೆ ತುಂಡು. ಇನ್ನೊಂದು ಕಾರಣ, ಮೊಳೆ ಸ್ವಲ್ಪ ಮೇಲೆ ಬಂದ್ಮೇಲೆ ಕೊಂಬು ಅದನ್ನ ಮೇಲಕ್ಕಲ್ಲ, ಪಕ್ಕಕ್ಕೆ ಎಳೆಯೋಕೆ ಶುರು ಮಾಡತ್ತೆ, ಮೊಳೆ ಬಗ್ಗತ್ತೆ, ತೂತು ಉದ್ದ ಆಗತ್ತೆ. ಆಗ ನಿಲ್ಲಿಸಿ ದಪ್ಪದ ತುಂಡು ಇಡಿ, ಮತ್ತೆ ಬುಡಕ್ಕೆ ಕೊಂಬು ಸಿಕ್ಕಿಸಿ. ಮೂರಿಂಚು ಮೊಳೆಗೆ ನಾನು ಮೂರು ಸಲ ತುಂಡು ಬದಲಾಯಿಸ್ತೀನಿ. ಬೇಜಾರು ಹೌದು.

ಇಕ್ಕಳ ಉಪಯೋಗಿಸುವಾಗ ತುಂಬಾ ಜನ ಮಾಡೋ ತಪ್ಪು, ಗಟ್ಟಿ ಹಿಡಿದು ಮೇಲಕ್ಕೆ ಜಗ್ಗೋದು. ಹಂಗಲ್ಲ, ಬುಡದಲ್ಲಿ ಕಚ್ಚಿಸಿ ಇಕ್ಕಳನ ಮಗ್ಗುಲಿಗೆ ಉರುಳಿಸಬೇಕು, ಅದರ ಗುಂಡು ದವಡೆ ಇರೋದೇ ಅದಕ್ಕೆ. ಉರುಳಿಸೋದೂ ನಾರಿನ ಉದ್ದಕ್ಕೇ. ಒಂದು ಕಾಲಿಂಚು ಬಂತಾ, ಬಿಟ್ಟು ಮತ್ತೆ ಬುಡದಲ್ಲಿ ಹಿಡೀರಿ. ತುಂಬಾ ಬಿಗಿಯಾಗಿ ಹಿಸುಕಬೇಡಿ, ಇಕ್ಕಳದ ಬಾಯಿ ಮೊಳೆನ ಕತ್ತರಿಸಿಬಿಡತ್ತೆ, ಆಮೇಲೆ ಹಿಡಿಯೋಕೆ ಏನೂ ಉಳಿಯೋದಿಲ್ಲ.

ಮೊಳೆ ಯಾವ ಕಾಲದ್ದು ಅಂತ ನೋಡ್ಕೊಳ್ಳೋದೂ ಒಳ್ಳೇದು. ನಮ್ಮ ಹಿತ್ತಿಲ ಬಾಗಿಲಲ್ಲಿ ಸಿಕ್ಕಿದ್ದು ಕಮ್ಮಾರ ಬಡಿದು ಮಾಡಿದ ಚೌಕದ ಮೊಳೆ, ತಲೆ ಒಂದೊಂದೂ ಒಂದೊಂದು ಆಕಾರ. ಇದು ಮೇಲಿಂದ ಕೆಳಗೆ ಸಣ್ಣ ಆಗ್ತಾ ಹೋಗಿರತ್ತೆ, ಹಂಗಾಗಿ ಮೊದಲ ಕಾಲಿಂಚು ಜೀವ ತಿನ್ನತ್ತೆ, ಅದು ದಾಟಿದ್ರೆ ಕೈಯಲ್ಲೇ ಎಳೆದು ತೆಗೀಬಹುದು. ಅಂಗಡಿಯ ತಂತಿ ಮೊಳೆ ಉದ್ದಕ್ಕೂ ಒಂದೇ ದಪ್ಪ, ಕೊನೆ ತನಕ ಹಿಡಿದೇ ಇರತ್ತೆ, ಆದ್ರೆ ಅದನ್ನ ಇಕ್ಕಳದಲ್ಲಿ ಹಿಡಿದು ಅತ್ತ ಇತ್ತ ಒಂಚೂರು ತಿರುಗಿಸಿ ಸಡಿಲ ಮಾಡಬಹುದು. ಚೌಕದ ಮೊಳೆ ತಿರುಗಿಸಿದ್ರೆ ಮೂಲೆ ಮರಕ್ಕೆ ತಾಗಿ ಹಲಗೆ ಬಿರುಕು ಬಿಡತ್ತೆ. ಆ ಚೌಕದ ಮೊಳೆಗಳನ್ನ ಮಾತ್ರ ಗುಜರಿಗೆ ಹಾಕ್ಬೇಡಿ, ನಾನು ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬ ಇಟ್ಟಿದೀನಿ.

ಹಳೇ ಬಾಗಿಲಲ್ಲಿ ಇನ್ನೊಂದು ಕಿತಾಪತಿ ಇರತ್ತೆ, ಮೊಳೆ ಆಚೆ ಕಡೆ ತೂರಿಸಿ ತುದಿನ ಮಡಚಿ ಮರದೊಳಗೆ ಹೊಡೆದಿರ್ತಾರೆ. ಮುಂದಿನಿಂದ ಎಷ್ಟು ಎಳೆದ್ರೂ ಬರಲ್ಲ, ಬಂದ್ರೆ ಹಿಂದಿನ ಅರ್ಧ ಹಲಗೆ ಜೊತೆಗೇ ಬರತ್ತೆ. ಹಿಂದೆ ತಿರುಗಿಸಿ ನೋಡಿ, ಮಡಚಿದ ತುದಿ ಕೆಳಗೆ ಉಳಿ ಮೂಲೆ ತೂರಿಸಿ ಎಬ್ಬಿಸಿ, ಇಕ್ಕಳದಲ್ಲಿ ನೆಟ್ಟಗೆ ಮಾಡಿ, ಆಮೇಲೆ ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದು ಮುಂದೆ ತಲೆ ಎದ್ದ ಮೇಲೆ ಕೀಳಿ. ಮುಂದಿನ ಮುಖ ಪಾಲಿಶ್ ಮಾಡೋ ಹಲಗೆ ಆಗಿದ್ದು, ತಲೆ ತೀರಾ ಸಣ್ಣದಿದ್ರೆ ಉಲ್ಟಾ, ಹಿಂದಿನಿಂದಲೇ ಇಕ್ಕಳದಲ್ಲಿ ಹಿಡಿದು ತಲೆ ಸಮೇತ ಹಿಂದಕ್ಕೆ ಎಳೀರಿ, ಚಕ್ಕೆ ಎದ್ರೂ ಹಿಂದ್ಗಡೆ ಏಳತ್ತೆ.

ತಲೆ ಹಾರಿಹೋದ್ರೆ? ಹಾರತ್ತೆ, ಖಂಡಿತ ಹಾರತ್ತೆ. ಅದ್ರಲ್ಲೂ ಕಾರವಾರದಲ್ಲಿ. ಕೋಡಿಬಾಗದ ನಮ್ಮ ಸಂಬಂಧಿಕರ ಮನೇಲಿ ಕಿಟಕಿ ಬಿಚ್ಚೋಕೆ ಹೋದಾಗ ನೋಡಿದೆ, ಕೊಂಬು ಸಿಕ್ಕಿಸಿದ್ರೆ ಸಾಕು ತಲೆ ಅವಲಕ್ಕಿ ಥರ ಉದುರತ್ತೆ, ಸಮುದ್ರದ ಗಾಳಿಯ ಉಪ್ಪು ಕಬ್ಬಿಣನ ಅಷ್ಟು ತಿಂದಿರತ್ತೆ. ಶಿರಸೀಲಿ ನಮ್ಮನೆ ಅಡುಗೆಮನೆ ಅಟ್ಟದ ಮೊಳೆ, ವರ್ಷಗಟ್ಟಲೆ ಒಲೆ ಹೊಗೆ ಕುಡಿದಿದ್ದು, ಮಸಿ ಕೆರೆದು ನೋಡಿದ್ರೆ ಒಳಗೆ ಸುಮಾರು ಗಟ್ಟಿಯಾಗೇ ಇತ್ತು. ಹಂಗಾಗಿ ಕರಾವಳಿ ಮನೆ ಆದ್ರೆ ಕೀಳೋ ಆಸೆ ಕಮ್ಮಿ ಇಟ್ಕೊಂಡು ಪಂಚ್ ಕೈಗೆ ತಗೊಳ್ಳಿ, ತುದಿ ಹಿಂದೆ ಬಂದಿದ್ರೆ ಮೊಳೆನ ಮುಂದಿನಿಂದ ಪಂಚಲ್ಲಿ ಹೊಡೆದು ಆಚೆ ತಳ್ಳಿ. ಎರಡು ಮರದ ಸಂದಿಯಲ್ಲಿ ಇದ್ರೆ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಸಂದಿಲಿ ತೂರಿಸಿ ಕೊಯ್ದುಬಿಡಿ, ಮರ ಬೇರೆ ಮಾಡಿ, ಉಳಿದ ತುಂಡನ್ನ ಆರಾಮಾಗಿ ಕೂತು ತೆಗೀಬಹುದು.

ಮರದ ಹೊಟ್ಟೇಲೇ ಮುರಿದು ಕೂತಿದ್ದಕ್ಕೆ ನಾನು ಮಾಡಿದ್ದು ಹಳೇ ಛತ್ರಿ ಕೋಲು. ನಮ್ಮೂರಲ್ಲಿ ಮುರಿದ ಛತ್ರಿಗೆ ಬರ ಇಲ್ಲ. ಆ ಟೊಳ್ಳು ಕೋಲನ್ನ ಮೂರಿಂಚು ಕತ್ತರಿಸಿ, ಒಂದು ತುದೀಲಿ ಅರದಿಂದ ನಾಕೈದು ಹಲ್ಲು ಕೊರೆದು, ಕೈ ಡ್ರಿಲ್ಲಿಗೆ ಹಾಕಿ ಮೊಳೆ ಸುತ್ತ ನಿಧಾನ ತಿರುಗಿಸಿದ್ರೆ ಮೊಳೆ ಮಧ್ಯ ಉಳಿದು ಸುತ್ತಿನ ಮರ ಮಾತ್ರ ಕೊರೆಯತ್ತೆ, ಆಮೇಲೆ ತುಂಡು ಇಕ್ಕಳಕ್ಕೆ ಸಿಗತ್ತೆ. ಹತ್ತು ಮೊಳೆಗೆ ಒಂದು ತುಂಡು ಕೋಲು ಹಾಳಾಗತ್ತೆ, ಹೋಗ್ಲಿ.

ಎಣ್ಣೆ ಬಿಟ್ರೆ ಬರತ್ತೆ, ಸೀಮೆಎಣ್ಣೆ ಬಿಡಿ, ತುಕ್ಕು ಬಿಡಿಸೋ ಸ್ಪ್ರೇ ಡಬ್ಲ್ಯುಡಿ-40 ಹೊಡೀರಿ ಅಂತ ಹೇಳ್ತಾರೆ. ನಾನು ಮಾಡಿ ನೋಡಿದೆ, ನಂಗೇನೂ ವ್ಯತ್ಯಾಸ ಕಾಣ್ಲಿಲ್ಲ, ಎಣ್ಣೆಯೆಲ್ಲ ಮರ ಕುಡೀತು, ಆಮೇಲೆ ಆ ಜಾಗದಲ್ಲಿ ಪಾಲಿಶ್ ಹಿಡೀಲಿಲ್ಲ. ಅದಕ್ಕಿಂತ ವಾಸಿ ಬಿಸಿ ಮಾಡೋದು. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಮೊಳೆ ತಲೆ ಮೇಲೆ ಎರಡು ಮೂರು ನಿಮಿಷ ಒತ್ತಿ ಹಿಡಿದು, ಪೂರ್ತಿ ತಣ್ಣಗಾದ್ಮೇಲೆ ಎಳೀರಿ, ಬಿಸಿಗೆ ಹಿಗ್ಗಿ ಆಮೇಲೆ ಕುಗ್ಗಿದ ಮೊಳೆ ಹಿಡಿತ ಬಿಟ್ಟಿರತ್ತೆ. ಒರಲೆ ತಿಂದ ಒಣ ಮರ ಆದ್ರೆ ಪಕ್ಕ ಒಂದು ಚೊಂಬು ನೀರು ಇಟ್ಕೊಳ್ಳಿ. ಮತ್ತೆ ಈ ಕೆಲಸ ಎಲ್ಲ ಬೇಸಿಗೇಲೇ ಮುಗಿಸಿ, ಜೂನ್ ಜುಲೈನಲ್ಲಿ ನಮ್ಮ ಕಡೆ ಮರ ನೀರು ಕುಡಿದು ಉಬ್ಬಿ ಮೊಳೆನ ಉಡದ ಥರ ಹಿಡಿದಿರತ್ತೆ.

ಕನ್ನಡಕ ಹಾಕ್ಕೊಳ್ಳಿ, ಹಾರೋ ಮೊಳೆ ತಲೆಗೆ ಕಣ್ಣು ಮೂಗು ಗೊತ್ತಾಗಲ್ಲ. ಹವಾಯಿ ಚಪ್ಪಲಿ ಬೇಡ, ನಂಗೆ ಮೊದಲ ವಾರವೇ ಚಪ್ಪಲಿ ತೂರಿ ಹಿಮ್ಮಡಿಗೆ ಚುಚ್ಚಿತು. ಧನುರ್ವಾಯು ತುಕ್ಕಿಂದ ಬರೋದಲ್ಲ, ಮಣ್ಣು ಸಗಣೀಲಿ ಇರೋ ರೋಗಾಣುವಿಂದ, ಆದ್ರೆ ಕೆಳಗೆ ಬಿದ್ದ ಮೊಳೆಗೆ ಎರಡೂ ಮೆತ್ತಿರತ್ತೆ, ಧನುರ್ವಾಯು ಚುಚ್ಚುಮದ್ದು ತಗೊಂಡು ಐದು ವರ್ಷ ದಾಟಿದ್ರೆ ಚುಚ್ಚಿದ ದಿನವೇ ಹೋಗಿ ಹಾಕಿಸ್ಕೊಳ್ಳಿ.

ಎಲ್ಲ ಕಿತ್ತಾಯ್ತು ಅಂತ ಅನ್ಸಿದ್ಮೇಲೆ ಹಲಗೆ ಮೇಲೆ ಅಯಸ್ಕಾಂತ ನಿಧಾನ ಎಳೀರಿ, ಎಲ್ಲಿ ಕಚ್ಚತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮತ್ತಿ ಸಾಗವಾನಿಲೆಲ್ಲ ಮೊಳೆ ಸುತ್ತ ನೀಲಿ ಕಪ್ಪು ಕಲೆ ಇರತ್ತೆ, ಮರದ ಒಗರಿಗೆ ಕಬ್ಬಿಣ ಸೇರಿ ಆಗೋದು ಅದು, ಕಲೆ ಕಂಡಲ್ಲಿ ಮೊಳೆ ಇದೆಯೋ ಅಥವಾ ಇತ್ತು ಅಂತ ಲೆಕ್ಕ. ಪಾಲಿಶ್ ಮಾಡೋ ಹಲಗೆ ಆದ್ರೆ ಆಕ್ಸಾಲಿಕ್ ಆಸಿಡ್ ಪುಡಿ ಬಿಸಿನೀರಲ್ಲಿ ಕರಗಿಸಿ ಹಚ್ಚಿದ್ರೆ ಕಲೆ ಸುಮಾರು ಹೋಗತ್ತೆ, ವಿಷ ಅದು, ಕೈಗವಸು ಹಾಕಿ, ಮಕ್ಕಳ ಕೈಗೆ ಸಿಗೋ ಕಡೆ ಇಡ್ಬೇಡಿ, ಆಮೇಲೆ ಚೆನ್ನಾಗಿ ನೀರಲ್ಲಿ ತೊಳೆದು ಒಣಗಿಸಿ. ತೂತಿಗೆ ಅದೇ ಜಾತಿ ಮರದ ಕಡ್ಡಿ ಕೆತ್ತಿ ಫೆವಿಕಾಲ್ ಹಚ್ಚಿ ಬಡಿದು ಮೇಲೆ ಸವರಿ, ಬರೀ ಮರದ ಪುಡಿ ಅಂಟು ಕಲಸಿ ತುಂಬಿದ್ರೆ ಎರಡು ಮಳೆಗಾಲಕ್ಕೆ ಉದುರತ್ತೆ.

ಕೊನೇದಾಗಿ, ಕಿತ್ತ ಮೊಳೆನ ಅಂಗಳಕ್ಕೆ ಎಸೀಬೇಡಿ, ಒಂದು ಡಬ್ಬ ಸೊಂಟಕ್ಕೇ ಕಟ್ಕೊಳ್ಳಿ. ನಾವು ಚಪ್ಪಲಿ ಹಾಕ್ತೀವಿ, ಹುಲ್ಲಿನ ಜೊತೆ ಮೊಳೆ ನುಂಗಿದ ಆಕಳು ಏನು ಮಾಡತ್ತೆ? ಹೊಟ್ಟೆಗೆ ಹೋದ ಮೊಳೆ ಅಲ್ಲಿಂದ ಚುಚ್ಕೊಂಡು ಹೃದಯದ ತನಕ ಹೋಗ್ಬಹುದು, ಮೇವು ಬಿಟ್ಟು ನಿಲ್ಲೋ ತನಕ ನಮಗೆ ಗೊತ್ತೇ ಆಗಲ್ಲ. ಅಂಗಳದಲ್ಲಿ, ಕೊಟ್ಟಿಗೆ ದಾರೀಲಿ, ದರಕು (ಒಣಗಿದ ಎಲೆ) ರಾಶಿ ಹಾಕೋ ಜಾಗದಲ್ಲಿ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಎಳೀರಿ. ಮೊದಲ ಎರಡು ಮಳೆ ಬಿದ್ದ ಮೇಲೆ ಇನ್ನೊಂದ್ಸಲ ಎಳೀರಿ, ಮೇಲಿನ ಮಣ್ಣು ತೊಳೆದುಹೋಗಿ ಮತ್ತೆ ಏಳೆಂಟು ಸಿಗ್ತಾವೆ, ನಮಗೆ ಹದಿನಾಕು ಸಿಕ್ಕಿತ್ತು.