ಹೊಸ ತೊಟ್ಟಿಯಲ್ಲಿ ಮೀನು ಸಾಯುತ್ತಿವೆಯೇ? ತೊಳೆಯಬೇಡಿ, ದಿನ ಎಣಿಸಿ

ಶನಿವಾರ ಎರಡಡಿ ಉದ್ದದ ಗಾಜಿನ ತೊಟ್ಟಿ ಮನೆಗೆ ಬರುತ್ತದೆ. ಜಲ್ಲಿ, ಫಿಲ್ಟರು, ಪ್ಲಾಸ್ಟಿಕ್ ಗಿಡ, ನೀರು, ಅಂದೇ ಎಂಟು ಹತ್ತು ಮೀನು. ಗುರುವಾರ ಒಂದು ಗೋಲ್ಡ್‌ಫಿಶ್ ತೇಲುತ್ತದೆ, ಶುಕ್ರವಾರ ಇನ್ನೆರಡು. ಗಾಬರಿಗೊಂಡ ಮನೆಯವರು ನೀರೆಲ್ಲ ಚೆಲ್ಲಿ, ಜಲ್ಲಿಯನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯಡಿ ಉಜ್ಜಿ ತೊಳೆದು, ಹೊಸ ನೀರು ತುಂಬಿ, ಮತ್ತೆ ನಾಲ್ಕು ಮೀನು ತರುತ್ತಾರೆ. ಮುಂದಿನ ವಾರ ಅವೂ ಹೋಗುತ್ತವೆ.

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದಕ್ಕೆ ಬಹುಪಾಲು ಸಲ ಕೊಳೆಯೂ ಕಾರಣವಲ್ಲ, ರೋಗವೂ ಅಲ್ಲ. ನೀರು ಇನ್ನೂ ಪಳಗಿಲ್ಲ, ಅಷ್ಟೇ. ಮೀನು ಸಾಕುವವರು ಇದನ್ನು ‘ತೊಟ್ಟಿ ಸೈಕಲ್ ಆಗಿಲ್ಲ’ ಎನ್ನುತ್ತಾರೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡಿರುವುದಕ್ಕಿಂತ ಹೆಚ್ಚಾಗಿ ಸ್ಪಂಜಿಗೆ, ಜಲ್ಲಿಗೆ, ಗಾಜಿಗೆ ಅಂಟಿಕೊಂಡು ಬದುಕುತ್ತವೆ. ಸಾಕಷ್ಟು ಸಂಖ್ಯೆಗೆ ಬೆಳೆಯಲು ಅವಕ್ಕೆ ನಾಲ್ಕರಿಂದ ಆರು ವಾರ ಬೇಕು. ಎಲ್ಲವನ್ನೂ ತೊಳೆದ ದಿನ ಈ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಆದ್ದರಿಂದ ಮೀನು ಸತ್ತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನೀರು ತುಂಬಿ, ಮೀನು ಬಿಟ್ಟು ಎಷ್ಟು ದಿನವಾಯಿತು?

ಈಗಲೇ ಮಾಡಬೇಕಾದ್ದು

ಕಾರಣ ಹುಡುಕುವ ಮೊದಲು ಉಳಿದ ಮೀನುಗಳನ್ನು ಉಳಿಸಿಕೊಳ್ಳಬೇಕು. ಸತ್ತ ಮೀನನ್ನು ಕೂಡಲೇ ತೆಗೆಯಿರಿ. ಅದು ಕೊಳೆಯುತ್ತಾ ಇನ್ನಷ್ಟು ಅಮೋನಿಯಾ ಬಿಡುತ್ತದೆ. ಒಂದು ಮೀನು ಕಾಣಿಸದಿದ್ದರೆ ಫಿಲ್ಟರಿನ ಹಿಂದೆ, ಅಲಂಕಾರದ ಕಲ್ಲಿನ ಒಳಗೆ ಹುಡುಕಿ. ಆಹಾರ ನಿಲ್ಲಿಸಿ, ಆರೋಗ್ಯವಾಗಿರುವ ದೊಡ್ಡ ಮೀನು ಮೂರು ನಾಲ್ಕು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಏರ್ ಪಂಪನ್ನು ಪೂರ್ತಿ ತಿರುಗಿಸಿ. ಆಮೇಲೆ ಅರ್ಧದಷ್ಟು ನೀರು ತೆಗೆದು, ಕ್ಲೋರಿನ್ ಕಳೆದ, ಅದೇ ಬಿಸುಪಿನ ನೀರು ತುಂಬಿ. ಸ್ಪಂಜನ್ನು ಮುಟ್ಟಬೇಡಿ.

ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ 24×12×12 ಅಂಗುಲದ ತೊಟ್ಟಿಯಲ್ಲಿ ಇರುವ ನೀರು ಸುಮಾರು 45ರಿಂದ 50 ಲೀಟರ್. ಔಷಧಿ, ಉಪ್ಪು, ಏನೇ ಹಾಕುವಾಗಲೂ ಈ ಲೆಕ್ಕ ಬೇಕು.

ಮೊದಲ 24 ಗಂಟೆಯಲ್ಲೇ ಸತ್ತರೆ

ಇಷ್ಟು ಬೇಗ ಅಮೋನಿಯಾ ಏರಿರುವುದಿಲ್ಲ. ನೀರಿನೊಂದಿಗೇ ಬಂದದ್ದೋ ಹೊರಗಿನಿಂದ ಸೇರಿದ್ದೋ ಕೊಂದಿರುತ್ತದೆ.

ಮೊದಲ ಅನುಮಾನ ಕ್ಲೋರಿನ್ ಮೇಲೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ನಲ್ಲಿಯಲ್ಲಿ ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಸುರಕ್ಷಿತವಾದ ಈ ಪ್ರಮಾಣವೇ ಮೀನಿನ ಕಿವಿರನ್ನು ಸುಡುತ್ತದೆ. ನೀರು ಬಿಡುವ ದಿನ ನೇರ ನಲ್ಲಿಯಿಂದ ಹಿಡಿದ ನೀರಿನಲ್ಲಿ ಅದು ಹೆಚ್ಚು; ಸಂಪು ಮತ್ತು ಮೇಲಿನ ಟ್ಯಾಂಕಿನಲ್ಲಿ ನಿಂತ ನೀರಿನಲ್ಲಿ ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ದಿನವಂತೂ ತೊಟ್ಟಿಗೆ ಒಂದು ಚೊಂಬು ನೀರೂ ಹಾಕಬಾರದು. ಬಕೆಟ್ಟಿನಲ್ಲಿ ಏರ್ ಸ್ಟೋನ್ (ಏರ್ ಪಂಪಿನ ಕೊಳವೆಯ ತುದಿಗೆ ಸಿಕ್ಕಿಸುವ, ಗಾಳಿಗುಳ್ಳೆ ಬಿಡುವ ಕಲ್ಲು) ಬಿಟ್ಟು 24 ಗಂಟೆ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಕಾಯಲಾಗದಿದ್ದರೆ ಅಂಗಡಿಯಲ್ಲಿ ‘ಆಂಟಿ ಕ್ಲೋರಿನ್’ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಬಳಸಿ. ಹರಳನ್ನೇ ತಂದರೆ 10 ಗ್ರಾಂ ಅನ್ನು 1 ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡು, ಪ್ರತಿ 10 ಲೀಟರ್ ನೀರಿಗೆ ಆ ದ್ರಾವಣದ 10 ಮಿಲಿ ಹಾಕಿದರೆ ಸಾಮಾನ್ಯ ನಲ್ಲಿ ನೀರಿಗೆ ಸಾಕು. ಹೊರದೇಶದಲ್ಲಿರುವ ಓದುಗರಿಗೆ ಒಂದು ಮಾತು: ಅಮೆರಿಕದ ಅನೇಕ ಊರುಗಳಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ. ಅದು ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಹೋಗುವಂಥದ್ದಲ್ಲ. ಅದಕ್ಕೆಂದೇ ಇರುವ ಕಂಡೀಷನರ್ ಬೇಕು.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲವೆಂದು ನೇರ ತುಂಬುವವರಿದ್ದಾರೆ. ಆಗಷ್ಟೇ ಮೇಲೆತ್ತಿದ ಅಂತರ್ಜಲದಲ್ಲಿ ಆಮ್ಲಜನಕ ತೀರಾ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುವುದುಂಟು. ಅದನ್ನೂ ಒಂದು ರಾತ್ರಿ ಗಾಳಿಯಾಡಿಸಿಯೇ ಬಳಸಬೇಕು.

ಎರಡನೆಯ ಅನುಮಾನ ಕೋಣೆಯ ಗಾಳಿಯ ಮೇಲೆ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಸೊಳ್ಳೆ ಓಡಿಸುವ ಲಿಕ್ವಿಡ್, ಕಾಯಿಲ್, ಜಿರಳೆ ಸ್ಪ್ರೇಗಳಲ್ಲಿ ಇರುವುದು ಬಹುತೇಕ ಪೈರೆಥ್ರಾಯ್ಡ್ ಜಾತಿಯ ವಿಷ. ಮನುಷ್ಯರಿಗೆ ಅಷ್ಟಾಗಿ ತಟ್ಟದ ಇದು ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ತೊಟ್ಟಿಯಿರುವ ಕೋಣೆಯಲ್ಲಿ ಇವು ಬೇಡವೇ ಬೇಡ, ಸೊಳ್ಳೆಪರದೆ ಕಟ್ಟಿಕೊಳ್ಳಿ. ಹೊಸ ಪೇಂಟು, ವಾರ್ನಿಶ್ ವಾಸನೆ ಇರುವಾಗಲೂ ತೊಟ್ಟಿ ಇಡಬೇಡಿ. ಸೋಪು ತಾಗಿದ ಬಕೆಟ್ಟು ಇನ್ನೊಂದು ಕಾರಣ. ಮೀನಿಗೆಂದೇ ಒಂದು ಬಕೆಟ್ಟು, ಒಂದು ಮಗ್ಗು ಬೇರೆ ಇರಲಿ. ಗಾಜಿನ ಕೂಡುಗಳಲ್ಲಿ ಸಿಲಿಕೋನ್ ಇನ್ನೂ ವಿನೆಗರ್‌ನಂತೆ ಹುಳಿ ವಾಸನೆ ಬೀರುತ್ತಿದ್ದರೆ ಅದು ಒಣಗಿಲ್ಲ. ವಾಸನೆ ಹೋಗುವ ತನಕ ಕಾಯಿರಿ.

ಮೂರನೆಯದು, ಮೀನನ್ನು ಬಿಟ್ಟ ರೀತಿ. ಕವರನ್ನು ಬಿಚ್ಚದೆ 15–20 ನಿಮಿಷ ತೇಲಿಸಿ ಬಿಸುಪು ಸಮ ಮಾಡಿ, ಆಮೇಲೆ ಐದು ನಿಮಿಷಕ್ಕೊಂದು ಲೋಟದಂತೆ ನಾಲ್ಕೈದು ಸಲ ತೊಟ್ಟಿಯ ನೀರು ಸೇರಿಸಿ, ಬಲೆಯಲ್ಲಿ ಮೀನನ್ನಷ್ಟೇ ಬಿಡಿ. ಕವರಿನ ನೀರು ತೊಟ್ಟಿಗೆ ಬೇಡ. ಆದರೆ ಕೊರಿಯರಿನಲ್ಲಿ ದಿನವಿಡೀ ಪ್ರಯಾಣ ಮಾಡಿ ಬಂದ ಮೀನಿಗೆ ಈ ಕ್ರಮ ಅಪಾಯ. ಆ ಕವರಿನಲ್ಲಿ ಅಮೋನಿಯಾ ತುಂಬಿರುತ್ತದೆ. ಇಂಗಾಲದ ಡೈಆಕ್ಸೈಡಿನಿಂದ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ) ಇಳಿದಿರುವುದರಿಂದ ಅದು ವಿಷವಾಗಿರುವುದಿಲ್ಲ. ಕವರು ಬಿಚ್ಚಿದೊಡನೆ ಪಿಎಚ್ ಏರಿ ಅದು ವಿಷವಾಗತೊಡಗುತ್ತದೆ. ಅಂಥ ಮೀನಿಗೆ ಬಿಸುಪು ಸಮ ಮಾಡಿ, ಕವರು ಬಿಚ್ಚಿದ ಕೂಡಲೇ ತೊಟ್ಟಿಗೆ ಬಿಡುವುದೇ ಒಳ್ಳೆಯದು.

ಮೂರನೇ ದಿನದಿಂದ ಹತ್ತನೇ ದಿನ: ಅಮೋನಿಯಾ

ಅತಿ ಹೆಚ್ಚು ಮೀನು ಸಾಯುವುದು ಈ ವಾರದಲ್ಲಿ. ಒಟ್ಟಿಗೆ ಸಾಯುವುದಿಲ್ಲ, ದಿನಕ್ಕೊಂದರಂತೆ ಹೋಗುತ್ತವೆ. ಮೀನು ಮೇಲ್ಮೈಗೆ ಬಂದು ಬಾಯಿ ಆಡಿಸುತ್ತದೆ, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆ ಹಿಡಿಯುತ್ತದೆ, ಕಿವಿರು ಕೆಂಪೇರುತ್ತದೆ. ನೀರು ಹಾಲು ಬೆರೆಸಿದಂತೆ ಮಸುಕಾಗಿರುವುದೂ ಉಂಟು. ಆ ಮಸುಕು ಉಳಿದ ಆಹಾರ ತಿಂದು ಹೆಚ್ಚಿದ ಬೇರೆ ಬ್ಯಾಕ್ಟೀರಿಯಾಗಳದ್ದು. ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ.

ಮುಖ್ಯ ತಪ್ಪು ನಡೆಯುವುದು ಆಹಾರದ ಡಬ್ಬಿಯ ಬಳಿ. 1 ಗ್ರಾಂ ಗುಳಿಗೆ ಆಹಾರದಿಂದ ಸುಮಾರು 30 ಮಿಲಿಗ್ರಾಂ ಅಮೋನಿಯಾ ಹುಟ್ಟುತ್ತದೆ. 50 ಲೀಟರಿಗೆ ಹಂಚಿದರೆ 0.6 ಪಿಪಿಎಂ, ಅಂದರೆ ಲೀಟರಿಗೆ 0.6 ಮಿಲಿಗ್ರಾಂ. ಮಕ್ಕಳು ಬೆಳಿಗ್ಗೆ ಒಂದು ಚಿಟಿಕೆ, ಅಜ್ಜ ಮಧ್ಯಾಹ್ನ ಒಂದು ಚಿಟಿಕೆ, ರಾತ್ರಿ ಇನ್ನೊಂದು ಎಂದು ದಿನಕ್ಕೆ ಒಂದು ಗ್ರಾಂ ಬಿದ್ದರೆ ನಾಲ್ಕು ದಿನಕ್ಕೆ 2 ಪಿಪಿಎಂ ದಾಟುತ್ತದೆ.

ಅಮೋನಿಯಾ ಎಷ್ಟು ಕೊಲ್ಲುತ್ತದೆ ಎನ್ನುವುದು ಪಿಎಚ್ ಮೇಲಿದೆ. 25 ಡಿಗ್ರಿ ಬಿಸುಪಿನಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ 0.6ರಷ್ಟು ಮಾತ್ರ, ಪಿಎಚ್ 8ಕ್ಕೆ ಶೇ 5ನ್ನು ದಾಟುತ್ತದೆ. ಪಕ್ಕದ ಮನೆಯವರ ತೊಟ್ಟಿಯಲ್ಲಿ ಅಷ್ಟೇ ಮೀನು, ಅಷ್ಟೇ ಆಹಾರವಿದ್ದೂ ಏನೂ ಆಗದೆ, ಗಡಸು ಬೋರ್‌ವೆಲ್ ನೀರಿನ ನಿಮ್ಮ ತೊಟ್ಟಿಯಲ್ಲಿ ಸಾವಾಗುವುದು ಇದರಿಂದ.

ಕಣ್ಣಳತೆ ಇಲ್ಲಿ ನಡೆಯದು. ಹನಿ ಹಾಕಿ ಬಣ್ಣ ನೋಡುವ ದ್ರವದ ಟೆಸ್ಟ್ ಕಿಟ್ ಕೊಳ್ಳಿ. ಅದರ ಬೆಲೆ ಸಾಯುವ ಮೀನುಗಳ ಬೆಲೆಗಿಂತ ಹೆಚ್ಚಲ್ಲ. ಅನೇಕ ಕಾಗದದ ಪಟ್ಟಿಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ, ನೋಡಿ ತನ್ನಿ. ಅಮೋನಿಯಾ 0.5 ಪಿಪಿಎಂ ಮುಟ್ಟಿದ ದಿನ ಅರ್ಧ ನೀರು ಬದಲಿಸಿ. 2 ಪಿಪಿಎಂ ಇದ್ದರೆ ಒಂದು ಸಲ ಅರ್ಧ ಬದಲಿಸಿದಾಗ 1ಕ್ಕೆ ಇಳಿಯುತ್ತದೆ. ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಅರ್ಧ ಬದಲಿಸಿದರೆ 0.5. ನೀರು ಬದಲಿಸಿದರೆ ಬ್ಯಾಕ್ಟೀರಿಯಾ ಹೋಗುತ್ತವೆಂಬ ಭಯ ಬೇಡ, ಅವು ಸ್ಪಂಜಿನಲ್ಲಿವೆ.

ಸ್ಪಂಜು ಕಟ್ಟಿಕೊಂಡು ನೀರಿನ ಹರಿವು ಕುಗ್ಗಿದರೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ ಮತ್ತೆ ಹಾಕಿ. ನಲ್ಲಿ ನೀರು ತಾಗಬಾರದು.

ಎರಡನೇ ವಾರದಿಂದ ನಾಲ್ಕನೇ ವಾರ: ನೈಟ್ರೈಟ್

ಅಮೋನಿಯಾ ಇಳಿದು, ಎಲ್ಲ ಸರಿಹೋಯಿತೆಂದು ಹೊಸ ಮೀನು ತರುವ ಹೊತ್ತಿಗೇ ಈ ಎರಡನೆಯ ಅಲೆ ಬರುತ್ತದೆ. ನೈಟ್ರೈಟ್ ರಕ್ತ ಸೇರಿ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹೊರುವ ಶಕ್ತಿ ಇಲ್ಲದಂತೆ ಮಾಡುತ್ತದೆ. ನೀರಿನಲ್ಲಿ ಗಾಳಿಯಿದ್ದರೂ ಮೀನು ಏದುಸಿರು ಬಿಡುತ್ತದೆ. ಕಿವಿರು ಕೆಂಪಿನ ಬದಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಈ ಕಂದು ಕಂಡರೆ ಅನುಮಾನವೇ ಬೇಡ.

ಇದಕ್ಕೆ ಅಡುಗೆಮನೆಯಲ್ಲೇ ಮದ್ದಿದೆ. ಉಪ್ಪಿನ ಕ್ಲೋರೈಡು ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. 10 ಲೀಟರಿಗೆ 1 ಗ್ರಾಂ ಕಲ್ಲುಪ್ಪು, ಅಂದರೆ ಎರಡಡಿ ತೊಟ್ಟಿಗೆ 5 ಗ್ರಾಂ, ಒಂದು ಲೋಟ ನೀರಿನಲ್ಲಿ ಕರಗಿಸಿ ಹಾಕಿ. ಇಷ್ಟು ಕಡಿಮೆ ಉಪ್ಪು ಸಾಮಾನ್ಯ ಮೀನಿಗಾಗಲೀ ಗಿಡಕ್ಕಾಗಲೀ ತೊಂದರೆ ಕೊಡದು. ನೀರು ಬದಲಿಸಿದಾಗ ತೆಗೆದಷ್ಟು ನೀರಿನ ಲೆಕ್ಕದ ಉಪ್ಪನ್ನು ಮಾತ್ರ ಮತ್ತೆ ಸೇರಿಸಿ.

ಆರ್‌ಒ ನೀರು ‘ಶುದ್ಧ’ವೆಂದು ತುಂಬಿದ್ದರೆ

ಶುದ್ಧ ನೀರು ಮೀನಿಗೆ ಒಳ್ಳೆಯದೆಂಬ ನಂಬಿಕೆ ಅನೇಕ ತೊಟ್ಟಿಗಳನ್ನು ಹಾಳುಮಾಡಿದೆ. ಆರ್‌ಒ ಯಂತ್ರ ಕಾರ್ಬೊನೇಟುಗಳನ್ನೂ ತೆಗೆದುಬಿಡುತ್ತದೆ. ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಗಳು ದುಡಿಯುತ್ತಾ ಕಾರ್ಬೊನೇಟನ್ನು ಖರ್ಚುಮಾಡುತ್ತವೆ. ಅದು ಮುಗಿದರೆ ಪಿಎಚ್ ಕುಸಿಯುತ್ತದೆ, 6ಕ್ಕಿಂತ ಕೆಳಗೆ ಅವುಗಳ ಕೆಲಸ ಬಹುತೇಕ ನಿಲ್ಲುತ್ತದೆ. ಅಂಥ ತೊಟ್ಟಿಗೆ ಒಮ್ಮೆಲೇ ಪಿಎಚ್ 8ರ ನೀರು ಸುರಿದರೆ ಅಡಗಿದ್ದ ಅಮೋನಿಯಾ ಕ್ಷಣದಲ್ಲಿ ವಿಷವಾಗುತ್ತದೆ. ದಿನಕ್ಕೆ ಶೇ 10–15ರಷ್ಟೇ ಬದಲಿಸುತ್ತಾ ಬನ್ನಿ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಅರ್ಧ ಆರ್‌ಒ, ಅರ್ಧ ಬೋರ್‌ವೆಲ್ ಬೆರೆಸುವುದು ಸರಿ. ಗಪ್ಪಿ, ಮೊಲ್ಲಿಗಳಿಗಂತೂ ಗಡಸು ನೀರೇ ಹಿತ.

ನಸುಕಿನಲ್ಲಿ ಎಲ್ಲವೂ ಒಟ್ಟಿಗೆ ಸತ್ತಿದ್ದರೆ

ರಾತ್ರಿ ವಿದ್ಯುತ್ ಹೋಗಿತ್ತೇ ಎಂದು ಮೊದಲು ಕೇಳಿ. 20 ಡಿಗ್ರಿಯಲ್ಲಿ ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಮೀನುಗಳು ಕಿಕ್ಕಿರಿದ ತೊಟ್ಟಿಯಲ್ಲಿ, ಗಿಡಗಳೂ ಆಮ್ಲಜನಕ ಬಳಸುವ ಕತ್ತಲ ಹೊತ್ತಿನಲ್ಲಿ, ಪಂಪು ನಿಂತರೆ ಕೆಲವೇ ಗಂಟೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬ್ಯಾಟರಿ ಏರ್ ಪಂಪು ಇಟ್ಟುಕೊಳ್ಳಲೇಬೇಕು. ಮುಚ್ಚಿದ ಡಬ್ಬಿಯ ಫಿಲ್ಟರು ಹಲವು ಗಂಟೆ ನಿಂತಿದ್ದರೆ ಒಳಗಿನ ನೀರನ್ನು ಹೊರಚೆಲ್ಲಿಯೇ ಚಾಲೂ ಮಾಡಿ.

ಬೆಂಗಳೂರಿನ ಡಿಸೆಂಬರ್ ರಾತ್ರಿಗಳ ತೊಂದರೆ ಇದಕ್ಕೆ ತಿರುಗುಮುರುಗು. ಟೆಟ್ರಾ, ಏಂಜೆಲ್, ಗಪ್ಪಿಗಳಿಗೆ 24ರಿಂದ 27 ಡಿಗ್ರಿ ಬೇಕು. ಎರಡಡಿ ತೊಟ್ಟಿಗೆ 50 ವಾಟ್ ಹೀಟರ್ ಸಾಕು. ನೀರು ತೆಗೆಯುವ ಕಾಲು ಗಂಟೆ ಮೊದಲು ಅದರ ಪ್ಲಗ್ ಕಿತ್ತಿಡಿ, ಇಲ್ಲದಿದ್ದರೆ ಗಾಜು ಸೀಳುತ್ತದೆ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಕ್ ಎಂಬ ಪರಾವಲಂಬಿ. ಚಳಿಯಿಂದ ಸೋತ ಮೀನಿಗೆ ಬೇಗ ಹತ್ತುತ್ತದೆ. ಬಿಸುಪನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 29–30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಚುಕ್ಕೆ ಹೋದ ಮೇಲೂ ಈ ಕ್ರಮ ನಿಲ್ಲಿಸದೆ ಎರಡು ವಾರ ಪೂರ್ತಿ ಮಾಡಿ.

ಮತ್ತೆ ಮೀನು ತರುವ ಮೊದಲು

ಎಲ್ಲವೂ ಸತ್ತಿದ್ದರೆ ತೊಟ್ಟಿಯನ್ನು ಖಾಲಿ ಮಾಡಬೇಡಿ. ಕಾರಣ ಅಮೋನಿಯಾ ಅಥವಾ ನೈಟ್ರೈಟ್ ಆಗಿದ್ದರೆ ಫಿಲ್ಟರು ಓಡುತ್ತಲೇ ಇರಲಿ, ಮೀನಿಲ್ಲದೆಯೇ ನೀರನ್ನು ಪಳಗಿಸಿ. 50 ಲೀಟರಿಗೆ 0.3 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ ಆಗುತ್ತದೆ. ಲ್ಯಾಬ್ ಸಾಮಗ್ರಿ ಅಂಗಡಿಯದ್ದೇ ಆಗಲಿ. ಬೆಸುಗೆಗೆ ಮಾರುವ ನವಸಾಗರ ಬೇಡ. ಸಿಗದಿದ್ದರೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ, ನಿಧಾನವಾದರೂ ಕೆಲಸ ಆಗುತ್ತದೆ. ಅಮೋನಿಯಾ ಇಳಿದಾಗೆಲ್ಲ ಮತ್ತೆ ಅಷ್ಟೇ ಹಾಕಿ. ರೋಗವಿಲ್ಲದ, ಹಳೆಯ ತೊಟ್ಟಿಯಿರುವ ಪರಿಚಯದವರಿಂದ ಬಳಸಿದ ಸ್ಪಂಜಿನ ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿಟ್ಟರೆ ಕಾಲ ಬಹಳ ಉಳಿಯುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

2 ಪಿಪಿಎಂ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ ನೈಟ್ರೇಟ್ ಕಂಡರೆ ತೊಟ್ಟಿ ಸಿದ್ಧ. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಮೊದಲಿಗೆ ಮೂರು ನಾಲ್ಕು ಗಪ್ಪಿ ಅಥವಾ ಮೊಲ್ಲಿ ಬಿಡಿ. ಹತ್ತು ದಿನ ಪರೀಕ್ಷೆ ಸೊನ್ನೆಯೇ ಬಂದರೆ ಇನ್ನು ನಾಲ್ಕು. ಗೋಲ್ಡ್‌ಫಿಶ್ ಬಹಳ ಹಿಕ್ಕೆ ಹಾಕುವ ಮೀನು, ಎರಡಡಿ ತೊಟ್ಟಿ ಅದಕ್ಕೆ ಚಿಕ್ಕದು. ಪಾಚಿ ತಿನ್ನುತ್ತದೆಂದು ಕೊಡುವ ಸಕ್ಕರ್ ಒಂದಡಿಗೂ ಮೀರಿ ಬೆಳೆಯುತ್ತದೆ. ಬೆಳೆದ ಮೇಲೆ ಕೆರೆಗೆ ಬಿಡುವುದು ಕೆರೆಯ ಮೀನಿಗೂ ಕೇಡು. ಪಶ್ಚಿಮ ಘಟ್ಟದ ಹೊಳೆಗಳ, ಕೆಂಪು ಗೆರೆಯ ‘ಮಿಸ್ ಕೇರಳ’ ಎಷ್ಟೇ ಚೆಂದವಿದ್ದರೂ ಹೊಸ ತೊಟ್ಟಿಗೆ ತರಬೇಡಿ. ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರಿನ ಮೀನು ಅದು, ಅಳಿವಿನಂಚಿನ ಪಟ್ಟಿಯಲ್ಲೂ ಇದೆ.

ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಡಬ್ಬಿ ಮನೆಯಲ್ಲಿ ಒಬ್ಬರ ಕೈಯಲ್ಲೇ ಇರಲಿ.