ಧಾರೆಯ ಮಂಟಪದಲ್ಲಿ ಮನೆತನದ ನೆನಪು, ಬಂದವರ ಹರಕೆ

ಕಾಸರಗೋಡಿನ ಕನ್ನಡ ಮತ್ತು ತುಳು ಮನೆಗಳ ಮದುವೆಗಳು ಈಗ ಹೆಚ್ಚಾಗಿ ಸಭಾಭವನಗಳಲ್ಲಿ ನಡೆಯುವುದರಿಂದ ಮುಹೂರ್ತಕ್ಕೂ ಊಟಕ್ಕೂ ನಡುವೆ ಸಿಗುವ ಹೊತ್ತು ಕಡಿಮೆ. ಆದ್ದರಿಂದ ಮನೆತನದ ನೆನಪನ್ನೂ ಬಂಧುಗಳ ಆಶೀರ್ವಾದವನ್ನೂ ಬೇರೆಯೇ ಒಂದು ವೇದಿಕೆ ಕಾರ್ಯಕ್ರಮವಾಗಿ ಸೇರಿಸಲು ಹೊರಡದೆ, ವಿಧಿಯೊಳಗೆ ಅವುಗಳಿಗೆ ಹಿಂದಿನಿಂದಲೂ ಇರುವ ಜಾಗಗಳನ್ನು ಗುರುತಿಸಿಕೊಳ್ಳುವುದು ಲೇಸು.

ಮೊದಲನೆಯದು ಹಿರಿಯರ ಹೆಸರು. ವೈದಿಕ ಕ್ರಮದ ಮದುವೆಯಲ್ಲಿ ಕನ್ಯಾದಾನದ ಹೊತ್ತಿಗೆ ವಧೂವರರ ಗೋತ್ರ ಪ್ರವರಗಳೊಂದಿಗೆ ಮುತ್ತಜ್ಜ, ಅಜ್ಜ, ತಂದೆ ಎಂಬ ಮೂರು ತಲೆಮಾರುಗಳನ್ನು ಹೆಸರಿಟ್ಟು ಹೇಳುತ್ತಾರೆ; ವಾದ್ಯದ ಗದ್ದಲದಲ್ಲಿ ಅದು ಎರಡನೆಯ ಸಾಲಿಗೂ ಕೇಳಿಸುವುದಿಲ್ಲ. ಎರಡೂ ಕಡೆಯ ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಮನೆಯ ಅತಿ ಹಿರಿಯರಿಗೆ ಓದಿ ಹೇಳಿ, ಒಂದು ವಾರ ಮೊದಲೇ ಪುರೋಹಿತರ ಕೈಗೆ ಕೊಡಿ. ಮುತ್ತಜ್ಜನನ್ನು ಎಲ್ಲರೂ ಅಪ್ಪಣ್ಣ ಎಂದೇ ಕರೆದಿರುತ್ತಾರೆ, ಹಳೆಯ ದಾಖಲೆಯಲ್ಲಿ ಹೆಸರು ಬೇರೆ ಇರುತ್ತದೆ. ಇಂಥ ಚರ್ಚೆಗೆ ಮುಹೂರ್ತದ ದಿನ ಸಮಯವಿರುವುದಿಲ್ಲ. ಆ ಕೆಲವು ನಿಮಿಷ ವಾದ್ಯ ನಿಲ್ಲಿಸುವಂತೆ ಮೊದಲೇ ತಿಳಿಸಿಡಬೇಕು.

ಅಳಿಯಸಂತಾನದ ಮನೆಗಳಲ್ಲಿ ಬಳಿ, ಅಂದರೆ ಕುಲದ ಕವಲು, ತಾಯಿಯಿಂದ ಬರುವುದರಿಂದ ಅಜ್ಜಿ ಮತ್ತು ಸೋದರಮಾವಂದಿರ ಹೆಸರು ಮುಂದೆ ಬರಬೇಕು. ಕೇರಳದಲ್ಲಿ 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕಾನೂನು ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಪಡಿಸಿತಾದರೂ, ಮದುವೆಗೆ ಮುನ್ನ ಕುಟುಂಬದ ಮೂಲಮನೆಯಾದ ತರವಾಡಿಗೆ ಹೋಗಿ ದೈವದ ಮುಂದೆ ಕೈಮುಗಿದು ಬರುವ ರೂಢಿ ಉಳಿದಿದೆ. ಸಾಧ್ಯವಾದರೆ ವಧುವರರಲ್ಲಿ ಯಾರ ತರವಾಡೋ ಅವರೇ ಹೋಗಲಿ, ಪ್ರತಿನಿಧಿಯನ್ನು ಕಳುಹಿಸುವುದು ಬೇಡ.

ಹಳೆಯ ವಸ್ತುಗಳನ್ನು ಮೇಜಿನ ಮೇಲೆ ಹೂವಿನ ನಡುವೆ ಪ್ರದರ್ಶನಕ್ಕಿಡುವುದು ನನಗೆ ಹಿಡಿಸದ ಸಂಗತಿ. ಒಂದೇ ವಸ್ತುವಾದರೂ ಸರಿ, ಅದು ಕೆಲಸಕ್ಕೆ ಬರಬೇಕು. ಧಾರೆಗೆ ಅಜ್ಜಿಯ ಕಾಲದ ಕಂಚಿನ ಗಿಂಡಿಗಿಂತ ತಕ್ಕುದು ಇನ್ನೊಂದಿಲ್ಲ. ಅಟ್ಟದಿಂದ ಇಳಿಸಿದ ಗಿಂಡಿಯನ್ನು ಹುಣಸೆಹುಳಿ ಮತ್ತು ಬೂದಿ ಹಾಕಿ ತಿಕ್ಕಿ, ನೀರು ತುಂಬಿಸಿ ಒಂದು ರಾತ್ರಿ ಒಣನೆಲದ ಮೇಲೆ ಇಟ್ಟು ನೋಡಿ: ಬೆಳಿಗ್ಗೆ ಅಡಿಯಲ್ಲಿ ಪಸೆ ಕಂಡರೆ ಬೆಸುಗೆ ಬಿಟ್ಟಿದೆ ಎಂದರ್ಥ. ಮೂತಿಯೊಳಗೆ ಧೂಳು ಗಟ್ಟಿಯಾಗಿ ಕೂತಿದ್ದರೆ ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಬಹುದು. ಎಳೆ ನೂಲಿನಂತೆ ನೀರು ಬೀಳುವವರೆಗೆ ಬಿಡಬೇಡಿ.

ಇದೇ ಗಿಂಡಿ ಹರಕೆಗೂ ದಾರಿ. ಧಾರೆ ಎರೆಯುವ ಮೊದಲು ಅದನ್ನು ಹಿರಿಯರ ಬಳಿಗೆ ಒಯ್ದು ಮುಟ್ಟಿಸುವ ಕ್ರಮ ತುಳುನಾಡಿನ ಹಲವು ಸಮುದಾಯಗಳಲ್ಲಿದೆ. ಬೇರೆ ಕಡೆ ಮಾಂಗಲ್ಯದ ಹರಿವಾಣ ಹಾಗೆ ಸುತ್ತು ಬರುತ್ತದೆ. ಇಡೀ ಸಭೆಗೆ ಒಯ್ದರೆ ಮುಹೂರ್ತ ಮೀರುವುದು ಖಂಡಿತ. ಮುಂದಿನ ಎರಡು ಸಾಲುಗಳನ್ನು ಹಿರಿಯರಿಗೆಂದು ಮೀಸಲಿಡಿ, ಉಳಿದವರಿಗೆ ಮಂತ್ರಾಕ್ಷತೆ ಸಾಕು. ಅಕ್ಕಿಗೆ ಅರಸಿನ ಹಚ್ಚುವಾಗ ನೀರು ಹೆಚ್ಚಾದರೆ ಅದು ಅಂಗೈಗೆ ಅಂಟಿಕೊಳ್ಳುತ್ತದೆ. ಹಿಂದಿನ ದಿನವೇ ಹಚ್ಚಿ, ನೆರಳಲ್ಲಿ ಒಣಗಿಸಬೇಕು.

ಮಾತಿನ ಆಶೀರ್ವಾದಕ್ಕೆ ಎರಡೂ ಕಡೆಯಿಂದ ಇಬ್ಬಿಬ್ಬರು ಸಾಕು. ಗಂಡಿನ ಕಡೆಯವರು ಮಲಯಾಳಿಗಳಾದರೆ ಅವರ ಹಿರಿಯರು ಮಲಯಾಳದಲ್ಲಿಯೇ ಹರಸಲಿ, ನಮ್ಮ ಜಿಲ್ಲೆಯ ಸಭೆಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿರುವ ಬಂಧುಗಳ ಹಾರೈಕೆಯನ್ನು ವಿಡಿಯೊ ಕರೆಯಲ್ಲಿ ಮಂಟಪಕ್ಕೆ ತರುವ ಸಾಹಸ ಬೇಡ. ಮೊದಲೇ ಧ್ವನಿಮುದ್ರಿಸಿ ತರಿಸಿಕೊಂಡು ಊಟದ ಪಂಕ್ತಿಯ ಹೊತ್ತಿಗೆ ಕೇಳಿಸಬಹುದು. ಹವ್ಯಕರ ಮನೆಯಾದರೆ ಪಂಕ್ತಿಯಲ್ಲಿ ಹೇಳುವ ಚೂರ್ಣಿಕೆ ಎಂಬ ಸ್ತುತಿಪಾಠಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಿ.

ಮಂಟಪದ ಮೆಟ್ಟಿಲು ಹತ್ತಲಾರದ ಅಜ್ಜ ಅಜ್ಜಿಯಂದಿರ ಬಳಿಗೆ, ಉಡುಗೊರೆಯ ಸಾಲು ಶುರುವಾಗುವ ಮೊದಲೇ, ವಧೂವರರು ಇಳಿದು ಬಂದು ಕಾಲಿಗೆರಗಬೇಕು. ಛಾಯಾಗ್ರಾಹಕರಿಗೆ ಇದನ್ನು ಮುಂಚಿತವಾಗಿ ಹೇಳಿಡದಿದ್ದರೆ ಅವರು ಮಂಟಪದಿಂದ ಇಳಿಯಲು ಬಿಡುವುದೇ ಇಲ್ಲ.