ರೋಹಿಣಿ ಮಳೆಗೆ ಮುಂಚೆ

ಐದು ವರ್ಷ ನಾನು ಫ್ಲೂ ಲಸಿಕೆಯನ್ನು ತಪ್ಪು ತಿಂಗಳಿನಲ್ಲಿ ಹಾಕಿದೆ. ಲಸಿಕೆ ಸರಿಯಾದದ್ದೇ, ಹಾಕಿದ ಕೈಯೂ ಪಳಗಿದ್ದೇ. ಕ್ಯಾಲೆಂಡರು ಮಾತ್ರ ನಮ್ಮ ಊರಿನದಾಗಿರಲಿಲ್ಲ.

ತೀರ್ಥಹಳ್ಳಿ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ನನ್ನ ಕ್ಲಿನಿಕ್ ಇದೆ. ಎಂ.ಡಿ. ಓದುತ್ತಿದ್ದಾಗ, 2009ರ ಜೂನ್‌ನಲ್ಲಿ, ಎಚ್1ಎನ್1 ಎಂಬ ಫ್ಲೂ ಜ್ವರವನ್ನು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಪಿಡುಗೆಂದು ಘೋಷಿಸಿತು. ಆಗಸ್ಟಿನಲ್ಲಿ ಪುಣೆಯಿಂದ ದೇಶದ ಮೊದಲ ಸಾವಿನ ಸುದ್ದಿ ಬಂತು. ಆಮೇಲಿನ ತಿಂಗಳುಗಳಲ್ಲಿ ಗಟ್ಟಿಮುಟ್ಟಾದ ಹರೆಯದವರು, ಗರ್ಭಿಣಿಯರು ವೆಂಟಿಲೇಟರ್‌ಗೆ ಹೋಗುವುದನ್ನು ಹತ್ತಿರದಿಂದ ಕಂಡೆ. ಅದೇ ಭಯವನ್ನು ಗಂಟು ಕಟ್ಟಿಕೊಂಡು ಊರಿಗೆ ಬಂದವನು, ಕ್ಲಿನಿಕ್ ತೆರೆದ ಮೊದಲ ವರ್ಷದಿಂದಲೇ ಫ್ರಿಜ್ಜಿನಲ್ಲಿ ಫ್ಲೂ ಲಸಿಕೆ ಇಟ್ಟೆ. ನಾನು ಓದಿದ ದಪ್ಪ ಪುಸ್ತಕಗಳೆಲ್ಲ ಅಮೆರಿಕದವು. ಚಳಿಗಾಲಕ್ಕೆ ಮುಂಚೆ, ಅಕ್ಟೋಬರಿನಲ್ಲಿ ಹಾಕಿ ಎಂದು ಅವು ಹೇಳಿದವು. ನಾನೂ ನವರಾತ್ರಿ ಮುಗಿದ ಮೇಲೆ ತರಿಸಿ ದೀಪಾವಳಿಯವರೆಗೆ ಹಾಕುತ್ತಿದ್ದೆ.

2017ರ ಅಕ್ಟೋಬರಿನಲ್ಲಿ ಅಡಿಕೆ ತೋಟದ ಯಜಮಾನರೊಬ್ಬರು ಬಂದರು. ಅರವತ್ತು ದಾಟಿದ ವಯಸ್ಸು. ಬೀಡಿ ಬಿಟ್ಟು ಎಂಟು ವರ್ಷವಾಗಿದ್ದರೂ ದಮ್ಮು ಅವರನ್ನು ಬಿಟ್ಟಿರಲಿಲ್ಲ. ಆ ಮಳೆಗಾಲದಲ್ಲಿ ಜ್ವರ ಬಂದು, ಉಸಿರು ಕಟ್ಟಿ, ಶಿವಮೊಗ್ಗದಲ್ಲಿ ಒಂಬತ್ತು ದಿನ ಮಲಗಿ ಬಂದಿದ್ದರು. ಲಸಿಕೆಯ ಮಾತು ತೆಗೆದೆ. ಅವರು ಪೂರ್ತಿ ಕೇಳಿಸಿಕೊಂಡು, "ಡಾಕ್ಟರೇ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಯಾವಾಗ?" ಎಂದರು.

"ಮಳೆ ಹಿಡಿಯುವುದಕ್ಕೆ ಮುಂಚೆ."

"ಕಾಯೆಲ್ಲ ಉದುರಿದ ಮೇಲೆ ಹೊಡೆದರೆ?"

ನಾನು ನಕ್ಕೆ. ಅವರು ನಗಲಿಲ್ಲ. "ಮತ್ತೆ ನಿಮ್ಮ ಈ ಮದ್ದು ದೀಪಾವಳಿಗೆ ಏಕೆ?"

ಉತ್ತರ ಇರಲಿಲ್ಲ. ಅವತ್ತು ರಾತ್ರಿ ಹಳೆಯ ರಿಜಿಸ್ಟರುಗಳನ್ನು ಹರಡಿಕೊಂಡು ಕುಳಿತೆ. ಕೆಮ್ಮು, ಮೈಕೈ ನೋವು, ಹಠಾತ್ತನೆ ಏರಿದ ಜ್ವರ, ಹಳೆಯ ದಮ್ಮು ಕೆರಳಿದವರು: ಎಲ್ಲವೂ ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಪುಟ ತುಂಬಿಕೊಂಡಿದ್ದವು. ಜನವರಿಯ ಸುತ್ತ ಮತ್ತೊಂದು ಸಣ್ಣ ಗುಂಪು. ಅಕ್ಟೋಬರಿನಲ್ಲಿ ಪುಟಗಳು ಖಾಲಿ. ಭಾರತದ ಹೆಚ್ಚಿನ ಭಾಗಗಳಲ್ಲಿ ಫ್ಲೂ ಏರುವುದು ಮುಂಗಾರಿನ ಜೊತೆ ಎಂಬುದನ್ನು ನಮ್ಮ ದೇಶದ ವೈರಾಣು ತಜ್ಞರು ಬರೆದೇ ಇದ್ದರು, ಓದದವನು ನಾನು. ಲಸಿಕೆ ಹಾಕಿದ ಮೇಲೆ ಪ್ರತಿಕಾಯಗಳು ಬೆಳೆಯಲು ಸುಮಾರು ಎರಡು ವಾರ ಬೇಕು. ತಿಂಗಳುಗಳು ಕಳೆದಂತೆ ಅವು ಕರಗುತ್ತಾ ಹೋಗುತ್ತವೆ. ಅಂದರೆ ದೀಪಾವಳಿಗೆ ಕೊಟ್ಟ ರಕ್ಷಣೆ, ನಿಜವಾಗಿ ಬೇಕಾಗುವ ಆಷಾಢದ ಹೊತ್ತಿಗೆ ಸೋತು ಕುಳಿತಿರುತ್ತಿತ್ತು.

ಇನ್ನೊಂದು ಸಂಗತಿಯೂ ಆಗ ಅರ್ಥವಾಯಿತು. ಲಸಿಕೆಯಲ್ಲಿ ಫ್ಲೂ ವೈರಸ್ಸಿನ ಯಾವ ತಳಿಗಳಿರಬೇಕು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ: ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರಿನಲ್ಲಿ. ಭೂಪಟದಲ್ಲಿ ನಾವು ಉತ್ತರದವರು. ಮಳೆಯ ಲೆಕ್ಕದಲ್ಲಿ ನಮಗೆ ಹೊಂದುವುದು ದಕ್ಷಿಣದ ಲಸಿಕೆ, ಬೇಸಿಗೆಯಲ್ಲಿ ಕೈಗೆ ಸಿಗುವಂಥದ್ದು. ಆಮೇಲಿನಿಂದ ಏಪ್ರಿಲ್ ಮುಗಿಯುವಾಗಲೇ ಆರ್ಡರ್ ಹಾಕುತ್ತೇನೆ. ರೋಗಿಗಳಿಗೆ ಇಂಗ್ಲಿಷ್ ತಿಂಗಳು ಹೇಳುವುದನ್ನೂ ಬಿಟ್ಟಿದ್ದೇನೆ. "ರೋಹಿಣಿ ಮಳೆಗೆ ಮುಂಚೆ ಬನ್ನಿ. ತಪ್ಪಿದರೆ ಮೃಗಶಿರಾ. ಆರಿದ್ರಾಕ್ಕೆ ಕಾಯಬೇಡಿ" ಎಂದರೆ ಯಾರಿಗೂ ಚೀಟಿ ಬರೆದುಕೊಡಬೇಕಾಗಿಲ್ಲ.

ಗೋಡೆಯ ಮೇಲಿನ ಪೋಸ್ಟರು ಐದು ವರ್ಷದಲ್ಲಿ ಮಾಡದ ಕೆಲಸವನ್ನು ಇನ್ನೂರು ಪುಟದ ಉದ್ದ ನೋಟುಬುಕ್ಕು ಮಾಡಿತು. ದಮ್ಮಿನವರು, ಹೃದಯದ ತೊಂದರೆಯವರು, ಸಕ್ಕರೆ ಕಾಯಿಲೆಯವರು, ಅರವತ್ತೈದು ದಾಟಿದವರು, ಗರ್ಭಿಣಿಯರು, ಇವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಅದರಲ್ಲಿ ಏರುತ್ತವೆ. ಮೇ ಮೊದಲ ವಾರದಿಂದ ನಮ್ಮ ನರ್ಸ್ ದಿನಕ್ಕೆ ಹತ್ತು ಜನರಿಗೆ ಕರೆ ಮಾಡುತ್ತಾರೆ. ಬೇಡ ಎನ್ನುವವರು ನಾನು ಊಹಿಸಿದ್ದಕ್ಕಿಂತ ಬಹಳ ಕಡಿಮೆ. ಹೆಚ್ಚಿನವರ ಉತ್ತರ, "ಇದುವರೆಗೆ ಯಾರೂ ಕೇಳಲೇ ಇಲ್ಲವಲ್ಲ" ಎಂಬುದು. ದುಡ್ಡಿನ ವಿಷಯ ಬೇರೆ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದಿಲ್ಲ, ಕೈಯಿಂದ ಕೊಡಬೇಕು. ಕೂಲಿ ಮಾಡುವವರ ಮುಂದೆ ಆ ಮೊತ್ತ ಹೇಳುವಾಗ ನನ್ನ ದನಿ ಈಗಲೂ ತಗ್ಗುತ್ತದೆ.

ಹೃದಯದ ರೋಗಿಗಳು ಮಾತ್ರ ಅನುಮಾನ ಪಡುತ್ತಾರೆ: "ನನಗೆ ಎದೆಯದು ತೊಂದರೆ, ಮೂಗಿನದಲ್ಲ." ಅವರಿಗೆ ಕೆನಡಾದ ಒಂಟಾರಿಯೋದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಮಾತು ಹೇಳುತ್ತೇನೆ. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಏರಿತ್ತು. ಆಮೇಲೆ ಅವರೇ ತೋಳು ಮಡಚುತ್ತಾರೆ. "ಹಾಕಿಸಿಕೊಂಡರೂ ನೆಗಡಿ ಬಂತು" ಎಂಬುದು ಮತ್ತೊಂದು ದೂರು. ನೆಗಡಿ ತರುವ ವೈರಸ್‌ಗಳು ಬೇರೆ, ಅವುಗಳಿಗೂ ಈ ಲಸಿಕೆಗೂ ಸಂಬಂಧವಿಲ್ಲ. ಇನ್ನು ಫ್ಲೂ ವಿಷಯದಲ್ಲೂ ತಳಿ ಚೆನ್ನಾಗಿ ಹೊಂದಿದ ವರ್ಷ ವೈದ್ಯರ ಬಳಿ ಹೋಗಬೇಕಾಗುವ ಸಂದರ್ಭಗಳನ್ನು ಇದು ಶೇಕಡ 40ರಿಂದ 60ರಷ್ಟು ತಗ್ಗಿಸುತ್ತದೆ, ಅಷ್ಟೇ. ನೂರಕ್ಕೆ ನೂರು ಎಂದು ನಾನು ಹೇಳುವುದಿಲ್ಲ. ಬೋರ್ಡೋ ಹೊಡೆದ ತೋಟಕ್ಕೂ ಕೊಳೆ ಬರುತ್ತದೆ. ಹೊಡೆಯದ ತೋಟ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ತಪ್ಪುಗಳು ಅಲ್ಲಿಗೇ ಮುಗಿಯಲಿಲ್ಲ. 2019ರ ಜೂನ್‌ನಲ್ಲಿ ಗಾಳಿಮಳೆಗೆ ಎರಡು ದಿನ ಕರೆಂಟು ಹೋಗಿ ಬಂದು ಮಾಡಿತು. ಫ್ರಿಜ್ ತಣ್ಣಗಿಲ್ಲ ಎಂಬ ಗಾಬರಿಯಲ್ಲಿ ನಾನೇ ಅದರ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಹಿಂದಿನ ಗೋಡೆಗೆ ತಾಗಿದ್ದ ಹನ್ನೊಂದು ಸಿರಿಂಜುಗಳಲ್ಲಿ ಮಂಜು. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಎಲ್ಲರೂ ಬಿಸಿಗೆ ಹೆದರುತ್ತಾರೆ, ಆದರೆ ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ. ಅಲ್ಯೂಮಿನಿಯಂ ಲವಣ ಸೇರಿಸಿದ ಲಸಿಕೆಗಳಾದರೆ ಅಲುಗಾಡಿಸಿ, ತಳದಲ್ಲಿ ಗಸಿ ಎಷ್ಟು ಬೇಗ ಕೂರುತ್ತದೆಂದು ನೋಡಿ ಪತ್ತೆ ಹಚ್ಚಬಹುದು. ನಾನು ಬಳಸುವ ಫ್ಲೂ ಲಸಿಕೆಯಲ್ಲಿ ಅದಿಲ್ಲ. ಕರಗಿದ ಮೇಲೆ ನೋಡಲು ಮೊದಲಿನ ಹಾಗೆಯೇ ಇತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹನ್ನೊಂದನ್ನೂ ಎಸೆಯುವ ಮೊದಲು ಐದು ನಿಮಿಷ ಸುಮ್ಮನೆ ನಿಂತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಈಗ ಲಸಿಕೆ ಇರುವುದು ನಡುವಿನ ಹಲಗೆಯ ಮೇಲೆ. ಬಾಗಿಲಿನಲ್ಲಿ ನೀರಿನ ಬಾಟಲಿಗಳು ಮಾತ್ರ. ಒಳಗೆ ಒಂದು ಥರ್ಮಾಮೀಟರು, ಹೊರಗೆ ಬೆಳಿಗ್ಗೆ ಸಂಜೆ ಬರೆಯುವ ಪಟ್ಟಿ. ಗುಂಡಿಯ ಮೇಲೆ ಪ್ಲಾಸ್ಟರ್ ಅಂಟಿಸಿದ್ದೇವೆ.

ಆಶಾ ಕಾರ್ಯಕರ್ತೆಯರಿಗೆ ಉಸಿರಾಟದ ಕಾಯಿಲೆಗಳ ಬಗ್ಗೆ ಪಾಠ ಮಾಡಲು ಕರೆದಾಗಲೂ ಮೊದಲ ಸಲ ಸೋತೆ. ವೈರಸ್ಸಿನ ಎಂಟು ಜೀನ್ ತುಣುಕುಗಳ ಚಿತ್ರ ತೋರಿಸುತ್ತಿದ್ದೆ, ಅವರು ಕಿಟಕಿಯಾಚೆ ಬಸ್ಸಿನ ಹೊತ್ತು ನೋಡುತ್ತಿದ್ದರು. ಕೊನೆಗೆ ಒಬ್ಬರು ಎದ್ದು ಕೇಳಿದರು: "ಸರ್, ಮಕ್ಕಳಿಗೆ ಒಂದೂವರೆ ತಿಂಗಳಿಗೇ ಪೆಂಟಾವೇಲೆಂಟ್ ಹಾಕಿಸುತ್ತೇವೆ. ಅದರಲ್ಲಿ ಇನ್‌ಫ್ಲುಯೆಂಜಾ ಎಂದು ಬರೆದಿದೆಯಲ್ಲ, ಮತ್ತೆ ಇದೇಕೆ?" ಇಡೀ ದಿನದ ಒಳ್ಳೆಯ ಪ್ರಶ್ನೆ ಅದು. ಪೆಂಟಾವೇಲೆಂಟ್‌ನಲ್ಲಿರುವುದು ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ, ಅದು ಬ್ಯಾಕ್ಟೀರಿಯಾ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಅದನ್ನು ಕಂಡು, ರೋಗಕ್ಕೆ ಅದೇ ಕಾರಣವೆಂದು ತಿಳಿದರು. ಮನುಷ್ಯರ ಫ್ಲೂ ವೈರಸ್ಸನ್ನು ಲಂಡನ್ನಿನಲ್ಲಿ ಬೇರ್ಪಡಿಸಿದ್ದು 1933ರಲ್ಲಿ. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು. ಒಬ್ಬ ದೊಡ್ಡ ವಿಜ್ಞಾನಿಯ ತಪ್ಪು ನಮ್ಮ ತಾಲ್ಲೂಕಿನ ತಾಯಿ ಕಾರ್ಡಿನವರೆಗೆ ಬಂದು ಕುಳಿತಿದೆ!

ಎರಡನೆಯ ವರ್ಷ ಸ್ಲೈಡು ಬಿಟ್ಟು ಗಡಿಯಾರ ಹಿಡಿದು ಹೋದೆ. ಪಕ್ಕದವರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಎಂದೆ. ಕೋಣೆಯಲ್ಲಿ ನಗು ಶುರುವಾಯಿತು. ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಎಲ್ಲರ ಉಸಿರೂ ತಾಳ ತಪ್ಪಿತು. ಆಗ ಹಳೆಯ ಉಪಾಯ ಹೇಳಿಕೊಟ್ಟೆ: ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಳ್ಳಿ, ಕಣ್ಣು ಎದೆಯ ಮೇಲಿರಲಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರಿಗೆ 40, ಅದನ್ನು ಮುಟ್ಟಿದರೆ ಕಷಾಯ, ಸಿರಪ್ಪು ಎಂದು ಕಾಯಬಾರದು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಗಳಲ್ಲಿ. ನಮ್ಮ ಕಡೆ ಅಂಗಡಿಯಿಂದ ತಂದ ಆ್ಯಂಟಿಬಯೋಟಿಕ್‌ನಲ್ಲೇ ಮೂರು ದಿನ ಕಳೆದುಹೋಗುತ್ತವೆ. ನಮ್ಮ ಸೀಮೆಗೆ ಇನ್ನೊಂದು ತೊಡಕೂ ಇದೆ. ಬೇಸಿಗೆಯ ಜ್ವರವೆಂದರೆ ಮಂಗನ ಕಾಯಿಲೆಯ ಭಯ, ಮಳೆಗಾಲದ ಜ್ವರದಲ್ಲಿ ಡೆಂಗಿ, ಇಲಿಜ್ವರ, ಫ್ಲೂ ಮೂರೂ ಒಂದೇ ಬಾಗಿಲಿನಿಂದ ಬರುತ್ತವೆ. ಎಲ್ಲವನ್ನೂ "ವೈರಲ್" ಎಂದು ಕರೆದು ಕಳುಹಿಸುವ ಸೋಮಾರಿತನ ವೈದ್ಯರಾದ ನಮ್ಮದೇ.

ಬೋರ್ಡೋ ಯಜಮಾನರು ಪ್ರತಿ ಮೇನಲ್ಲಿ ತಪ್ಪದೆ ಬರುತ್ತಾರೆ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅವರು ಹೆಂಡತಿಯನ್ನು ಜೀಪಿನಲ್ಲಿ ಕರೆತಂದರು. ತುಟಿ ನೀಲಿಗಟ್ಟಿತ್ತು, ಆಮ್ಲಜನಕ 84. ಬೀಡಿಯನ್ನು ಮುಟ್ಟದ ಹೆಂಗಸು, ಆದರೆ ನಲವತ್ತು ವರ್ಷ ಬಚ್ಚಲೊಲೆಯ ಮುಂದೆ ಕುಳಿತು ಹಸಿ ಸೌದೆ ಊದಿದವರು. ನನ್ನ ನೋಟುಬುಕ್ಕಿನಲ್ಲಿ ಅವರ ಹೆಸರೇ ಇರಲಿಲ್ಲ, ಏಕೆಂದರೆ ಅವರು ಕ್ಲಿನಿಕ್ಕಿಗೇ ಬಂದಿರಲಿಲ್ಲ. ಆರು ವರ್ಷ ಅವರ ಗಂಡನಿಗೆ ಲಸಿಕೆ ಹಾಕುತ್ತಾ, ಮನೆಯಲ್ಲಿ ಮತ್ತೆ ಯಾರಿಗೆ ಕೆಮ್ಮಿದೆ ಎಂದು ನಾನೊಮ್ಮೆಯೂ ಕೇಳಿರಲಿಲ್ಲ. ಆಸ್ಪತ್ರೆಯಿಂದ ಹುಷಾರಾಗಿ ಬಂದ ಮೇಲೆ ಅದನ್ನೇ ಹೇಳಿ ಕ್ಷಮೆ ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು, "ಹೋಗಲಿ ಬಿಡಿ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಕೊಟ್ಟಿಗೆಗೇ ಬರುತ್ತಾರೆ. ನಾವು ಪೇಟೆಗೆ ಬರಬೇಕು, ಅಷ್ಟೇ ವ್ಯತ್ಯಾಸ" ಎಂದರು.

ಮಾರನೆಯ ಏಪ್ರಿಲ್‌ನಲ್ಲಿ ಲಸಿಕೆ ಒಯ್ಯುವ ಪೆಟ್ಟಿಗೆಯೊಂದನ್ನು ಕೊಂಡೆ. ಈಗ ಮೇ ತಿಂಗಳ ಭಾನುವಾರಗಳಲ್ಲಿ ನಾನೂ ನರ್ಸ್ ಕೂಡ ಹಳ್ಳಿಗಳಿಗೆ ಹೋಗುತ್ತೇವೆ. ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಪೆಟ್ಟಿಗೆಗೆ ಹಾಕುವಂತಿಲ್ಲ, ಮತ್ತೆ ಹನ್ನೊಂದು ಸಿರಿಂಜಿನ ಕಥೆಯಾದೀತು. ಮೇಜಿನ ಮೇಲೆ ಬೆವರಲು ಬಿಟ್ಟು, ಆಗಾಗ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತೇನೆ. ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆ ಹೊರಡುತ್ತೇವೆ.